ಸುಮ್ಮನಿದ್ದವರ ಒಪ್ಪಿಗೆ

ಊರುಗೋಲಿನ ಹಿಡಿಯ ದಪ್ಪ ಎಷ್ಟಿರಬೇಕೆಂಬ ಕರಡು ನಿಯಮವನ್ನು ಜಪಾನಿನ ರಾಷ್ಟ್ರೀಯ ಮಾನಕ ಸಂಸ್ಥೆ ಮತ್ತೆ ಹಿಂದಕ್ಕೆ ಕಳಿಸಿತ್ತು. ಸಮಿತಿಯ ಸಭೆಯಲ್ಲಿ ಸುಮ್ಮನಿದ್ದವರನ್ನು ಕೇಳಿದಿರಾ ಎಂಬುದೊಂದೇ ಅದರ ಪ್ರಶ್ನೆ. ಈ ನಿಯಮ ಯಾರಿಗೂ ಕಡ್ಡಾಯವಲ್ಲ. ಅದಕ್ಕೇ, ಅದು ಪಾಲನೆಯಾಗಬೇಕಾದರೆ ಎಲ್ಲರ ಮನಸ್ಸಿನ ಒಪ್ಪಿಗೆ ಬೇಕು. ವರ್ಷಗಟ್ಟಲೆ ಕರಡು ಬರೆದು ದಣಿದಿದ್ದ ಸಮಿತಿ ಕಾರ್ಯದರ್ಶಿ ವಾಕಿಸಾಕಾ, ಇದೊಂದನ್ನು ಮುಗಿಸಿ ನಿವೃತ್ತರಾಗಬೇಕೆಂದಿದ್ದರು. ಸಭೆಯಲ್ಲಿ ಸುಮ್ಮನಿದ್ದ, ಊರುಗೋಲು ಮಾಡುವ ಶಿಯೋಕಾವಾ ಅವರ ಅಂಗಡಿಗೆ ಕಾಲೆಳೆದುಕೊಂಡು ಹೋದರು.

"ಅವತ್ತು ಸುಮ್ನಿದ್ರಲ್ಲ ಶಿಯೋಕಾವಾ ಸಾನ್, ಒಪ್ಪಿದ್ರಿ ಅಂದ್ಕೊಂಡೆ."

"ಎಲ್ರೂ ತಲೆಯಾಡಿಸೋವಾಗ ನಾನೊಬ್ನೇ ಬೇಡ ಅಂದ್ರೆ ಚೆನ್ನಾಗಿರುತ್ತಾ? ಅಷ್ಟು ದಪ್ಪ ಹಿಡಿ ಇದ್ರೆ ಅಜ್ಜಿಯರ ಕೈಗೆ ಅದು ಊರುಗೋಲಲ್ಲ, ಮೋಚಿ ಕಡುಬಿಗೆ ಅನ್ನ ಕುಟ್ಟೋ ಒನಕೆ!"

ವಾಕಿಸಾಕಾರ ಮುಖ ಬಾಡಿತು.

"ಪಾಪ, ಸುಸ್ತಾಗಿದೀರಿ. ಒಪ್ಪಿದೆ ಅಂತ್ಲೇ ಬರ್ಕೊಳ್ಳಿ."

ವಾಕಿಸಾಕಾ ಪೆನ್ನು ತೆಗೆದರು, ಆದರೆ ಬರೆಯಲಾಗಲಿಲ್ಲ. ಸ್ಟೂಲು ಎಳೆದು ಕುಳಿತರು.

"ಎಷ್ಟು ದಪ್ಪ ಇರ್ಬೇಕು, ಹೇಳಿ. ಮತ್ತೆ ಸಭೆ ಕರೀತೀನಿ."