ಅಪ್ಪ ಕೊಟ್ಟ ಆಜ್ಞೆ

ನಮ್ಮ ಇಂಗ್ಲಿಷ್ ಮಿಸ್ಸಿನ ಬಲಗೈ ತೋರುಬೆರಳು ತುದಿಯಲ್ಲಿ ಎಡಕ್ಕೆ ವಾಲಿತ್ತು. ಅದನ್ನು ಚಾಚಿದರೆ ಯಾರನ್ನು ಎಬ್ಬಿಸುತ್ತಿದ್ದಾರೆಂದು ತಿಳಿಯದೆ ಬೆಂಚಿಗೆ ಬೆಂಚೇ ಎದ್ದು ನಿಲ್ಲುತ್ತಿತ್ತು. "ಕುರಿಗಳು" ಅನ್ನುತ್ತಿದ್ದರು. ಬೈಯುವುದಕ್ಕೆ ಮಾತ್ರ ಅವರು ಧಾರಾಳವಾಗಿ ಕನ್ನಡ ಬಳಸುತ್ತಿದ್ದರು.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಅಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ನಾನು ಸಾರಕ್ಕಿಯಿಂದ ಕೆರೆ ಏರಿಯ ಮೇಲೆ ನಡೆದು ಬರುತ್ತಿದ್ದೆ. ಉಳಿದವರ ಅಪ್ಪಂದಿರು ಆಫೀಸಿಗೆ ಹೋಗುವವರು. ಹೊಲಕ್ಕೆ ಹೋಗುವ ಅಪ್ಪ ಇದ್ದದ್ದು ನನಗೊಬ್ಬಳಿಗೇ. ಮಿಸ್ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. "ಏ ಸಾರಕ್ಕಿ" ಅಂದರೆ ನಾನು ಏಳಬೇಕು.

ಆದರೆ ಪಾಠ! ಅಂಥ ಪಾಠ ನಾನು ಮತ್ತೆ ಕೇಳಿಲ್ಲ. ಒಂದು ದಿನ ಒಳಗೆ ಬಂದವರೇ "ಇಟ್ ಈಸ್ ವೆರಿ ಹಾಟ್ ಇನ್ ಹಿಯರ್" ಎಂದು ಸುಮ್ಮನೆ ನಿಂತರು. ನಾವೆಲ್ಲ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೆವು.

"ಬರ್ಕೊಂಡ್ರಾ? ಶಭಾಷ್! ಸೆಕೆ ಅಂದ್ರೆ ಕಿಟಕಿ ತೆಗೀರಿ ಅಂತ ಕಣ್ರೇ. ವಾಕ್ಯದ ವೇಷ ನೋಡಿ ಮೋಸ ಹೋಗ್ಬೇಡಿ. ಹೇಳೋರ ಮನಸ್ಸಲ್ಲಿ ಏನಿದೆ, ಅದನ್ನ ನೋಡಿ."

ಇದ್ದದ್ದನ್ನು ಹೇಳುವ ವಾಕ್ಯ, ಆಜ್ಞೆಯ ವಾಕ್ಯ, ಇಲ್ಲದ್ದನ್ನು ಬಯಸುವ ವಾಕ್ಯ. ಇಂಗ್ಲಿಷಿನಲ್ಲಿ ಇವಕ್ಕೆ 'ಮೂಡ್' ಎನ್ನುತ್ತಾರೆಂದು ಕಲಿಸಿದವರು ಅವರೇ. ಬಯಸುವ ವಾಕ್ಯ ಮಾಡಲು ಹೇಳಿದಾಗ ನಾನು ಎದ್ದು "ನಾನು ಜಯನಗರದ ಹುಡುಗಿಯಾಗಿದ್ದರೆ" ಎಂದು ಇಂಗ್ಲಿಷಿನಲ್ಲಿ ಶುರುಮಾಡಿದೆ. "ವ್ಯಾಕರಣ ಸರಿ, ಆಸೆ ತಪ್ಪು. ಕೂತ್ಕೋ" ಅಂದರು. ಪುಣ್ಯಾತ್ಗಿತ್ತಿ ನಗಲೂ ಇಲ್ಲ.

ಎಸ್ಸೆಸ್ಸೆಲ್ಸಿ ವರ್ಷ ರಾಗಿ ಕುಯ್ಲಿಗೆ ಸರಿಯಾಗಿ ಅವ್ವ ಹಾಸಿಗೆ ಹಿಡಿದಳು. ಮೂರು ವಾರ ನಾನು ಸ್ಕೂಲಿಗೆ ಹೋಗಲಿಲ್ಲ. ನಮ್ಮ ಕ್ಲಾಸ್ ಟೀಚರ್ ಕೂಡ ಮಿಸ್ಸೇ. ಪರೀಕ್ಷೆಯ ಫಾರಮ್ಮಿಗೆ ಸಹಿ ಹಾಕುವುದಿಲ್ಲ, ಅಪ್ಪನನ್ನು ಕರೆತಾ ಎಂದರು. ಸಹಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲದಿದ್ದರೆ ನನ್ನ ಸೋದರಮಾವ ತಾಳಿ ಹಿಡಿದುಕೊಂಡು ಕಾಯುತ್ತಿದ್ದ.

ಮಾರನೆಯ ದಿನ ಅಪ್ಪ ಮಡಿಪಂಚೆ ಉಟ್ಟು, ಹೊಸ ರುಮಾಲು ಸುತ್ತಿ ಬಂದ. ಚಪ್ಪಲಿ ಹೊರಗೆ ಬಿಟ್ಟು, ಕ್ಲಾಸಿನ ಬಾಗಿಲಲ್ಲೇ ಕೈ ಮುಗಿದು ನಿಂತ.

"ತಾಯಿ, ತಪ್ಪು ನಂದು. ನಮ್ ಮಗೀನ ಪರೀಕ್ಸೆಗೆ ಕೂರ್ಸು. ಸೈನು ಹಾಕು ತಾಯಿ."

ನಮ್ಮೂರಲ್ಲಿ ದೇವರನ್ನು ಬೇಡುವುದೂ ಹಾಗೆಯೇ, ಏಕವಚನದಲ್ಲಿ. ಅದು ಮಿಸ್ಸಿಗೆ ಗೊತ್ತಿರಲಿಲ್ಲವೆಂದು ನಾನು ಸಾಯುವವರೆಗೂ ಒಪ್ಪುವುದಿಲ್ಲ. ಅವರು ಅಪ್ಪನ ಕಡೆ ತಿರುಗಲಿಲ್ಲ. ನನ್ನನ್ನು ಎಬ್ಬಿಸಿದರು.

"ಕೂರ್ಸು, ಹಾಕು. ವಿಚ್ ಮೂಡ್?"

ಮನಸ್ಸು ನೋಡಿ ಎಂದು ಕಲಿಸಿದ್ದವರು ಅವರೇ. ನಾನು "ಇದು ಬೇಡಿಕೆ, ಮಿಸ್" ಅನ್ನಬಹುದಿತ್ತು. ನನ್ನ ಫಾರಂ ಅವರ ಮುಂದಿತ್ತು, ಪೆನ್ನು ಕೈಯಲ್ಲಿತ್ತು.

"ಇಂಪರೇಟಿವ್, ಮಿಸ್. ಹಿ ಈಸ್ ಆರ್ಡರಿಂಗ್ ಯು" ಅಂದೆ. ಗಟ್ಟಿಯಾಗಿಯೇ ಅಂದೆ.

"ವೆರಿ ಗುಡ್. ದಿ ಮಹಾರಾಜ ಆಫ್ ಸಾರಕ್ಕಿ!"

ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಎಲ್ಲರೂ ನಗುವುದನ್ನು ಕಂಡು ಅಪ್ಪನೂ ನಕ್ಕ. "ನಮ್ ಮಗು ಇಂಗ್ಲೀಸು ಸರಿಯಾಗ್ ಹೇಳ್ತಾ ತಾಯಿ?" ಎಂದು ಕೇಳಿದ.

"ಸರಿಯಾಗೇ ಹೇಳಿದ್ಲು" ಎಂದು ಮಿಸ್ ಸಹಿ ಹಾಕಿದರು.

ಪಾಸಾದೆ. ಮಾವ ಬೇರೆ ಕಡೆ ಹೆಣ್ಣು ನೋಡಿಕೊಂಡ. ನಾನು ಮುಂದೆ ಓದಿ ಇಂಗ್ಲಿಷ್ ಟೀಚರಾದೆ. ನನ್ನ ಅನ್ನ ಆ ಹೆಂಗಸು ಕೊಟ್ಟದ್ದು. ಈ ಮಾತನ್ನು ಈಗಲೂ ಮನಸ್ಸಿಲ್ಲದೆ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ವರ್ಷವೇ ಮಿಸ್ ತೀರಿಕೊಂಡರು. ನಾನು ಹೋಗುವುದಿಲ್ಲ ಎಂದೆ. "ಛೀ, ಉಪಕಾರಗೇಡಿ" ಎಂದು ಅಪ್ಪ ನನ್ನನ್ನು ಎಳೆದುಕೊಂಡು ಹೊರಟ. ಅವರ ಮನೆಯ ಅಂಗಳದಲ್ಲಿ ಹೆಣದ ಕಾಲಿಗೆ ಹಣೆ ಹಚ್ಚಿದ. ಆಮೇಲೆ ಅಲ್ಲಿದ್ದವರಿಗೆಲ್ಲ ಹೇಳಲು ನಿಂತ: "ಈಯಮ್ಮ ಒಂದ್ ಮಾತು ಕೇಳುದ್ರು. ನಮ್ ಮಗು ಎಲ್ರ ಮುಂದೆ ಪಟ್ಟಂತ ಇಂಗ್ಲೀಸಲ್ಲಿ ಹೇಳ್ಬುಡ್ತು. ಅದ್ಕೇ ಸೈನು ಹಾಕುದ್ರು." ನನ್ನ ಜೊತೆ ಓದಿದ ಇಬ್ಬರು ಅಲ್ಲಿದ್ದರು. ಅವರು ನೆಲ ನೋಡಿದರು.

ವಾಪಸು ಬರುವಾಗ ಅಪ್ಪ ಕೇಳಿದ. "ಅವತ್ತು ನೀನು ಏನವ್ವಾ ಅಂದಿದ್ದು?"

"ನಮ್ಮಪ್ಪ ದೊಡ್ಡ ಮನುಷ್ಯ ಅಂದೆ ಕಣಪ್ಪಾ."

ಅಪ್ಪ ನಿಂತುಬಿಟ್ಟ. ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಸಾರಕ್ಕಿ ಮುಟ್ಟುವವರೆಗೆ ಎದುರು ಸಿಕ್ಕವರಿಗೆಲ್ಲ ಅದನ್ನೇ ಹೇಳಿದ.