ಏರಿಯಲ್ ತಂತಿಯ ಮೇಲೆ ಒದ್ದೆ ಸೀರೆ

ಟೀವಿ ರಿಮೋಟಿನ ಹಿಂದಿನ ಮುಚ್ಚಳ ತೆಗೆದಾಗ ಬಟ್ಟೆ ಸೋಪಿನ ಪುಡಿಯ ವಾಸನೆ ಮೂಗಿಗೆ ಬಡಿಯಿತು. ಬೆಳಗ್ಗೆಯಿಂದ ಅದು ಸತ್ತುಬಿದ್ದಿತ್ತು. ನಮ್ಮ ಯಜಮಾನರು ಅದನ್ನು ಅಂಗೈಗೆ ಬಡಿದರು, ಸೆಲ್ಲುಗಳನ್ನು ಉಜ್ಜಿದರು, ಬಿಸಿಲಿಗಿಟ್ಟರು, ಕೊನೆಗೆ ಎರಡು ಗಡಿಯಾರಗಳ ಸೆಲ್ ಕಿತ್ತು ಇದಕ್ಕೆ ಹಾಕಿದರು. ಗಡಿಯಾರಗಳೆರಡೂ ನಿಂತವು, ಟೀವಿ ಮಾತ್ರ ಹತ್ತಲಿಲ್ಲ. "ನೀನಾದ್ರೂ ನೋಡು" ಎಂದು ನನ್ನ ಕೈಗೆ ತುರುಕಿದರು.

ಒಳಗಿಂದ ಒಂದು ಹನಿ ನೀರು ನನ್ನ ಬೆರಳಿಗೆ ಬಿತ್ತು. ತಲೆಯೆತ್ತಿದರೆ ಅಡುಗೆಮನೆ ಬಾಗಿಲಲ್ಲಿ ಮೊಮ್ಮಗನ ಹೆಂಡತಿ ನಿಂತಿದ್ದಳು. ಮದುವೆಯಾಗಿ ಬಂದು ಇನ್ನೂ ಮೂರು ತಿಂಗಳಾಗಿಲ್ಲ. ಬೆಳಗ್ಗೆ ಹೊದಿಕೆಗಳನ್ನು ಬಟ್ಟೆ ಒಗೆಯುವ ಮಿಷನ್ನಿಗೆ ಹಾಕಿದವಳು ಅವಳೇ. ಮುಖದಲ್ಲಿ ರಕ್ತವೇ ಇರಲಿಲ್ಲ. ಆ ಮುಖ ನನಗೆ ಚೆನ್ನಾಗಿ ಗೊತ್ತು... ಹೊಳೆನರಸೀಪುರದಲ್ಲಿ ಒಂದು ಕಾಲಕ್ಕೆ ಅದು ನನ್ನದೇ ಮುಖವಾಗಿತ್ತು.

ಅರಕಲಗೂಡು ಕಡೆಯ ಹಳ್ಳಿಯಿಂದ ನಾನು ಆ ಊರಿನ ಮನೆಗೆ ಸೊಸೆಯಾಗಿ ಹೋದಾಗ ನನಗೆ ಹದಿನೆಂಟು. ಮಾವ ತಾಲ್ಲೂಕು ಕಚೇರಿಯಲ್ಲಿದ್ದರು. ಅವರ ಚಪ್ಪಲಿ ಸದ್ದು ಕೇಳಿದರೆ ಮನೆಯಲ್ಲಿ ಕೆಮ್ಮುವವರೂ ಕೆಮ್ಮು ನುಂಗಿಕೊಳ್ಳುತ್ತಿದ್ದರು. ಒಂದು ಎದುರು ಮಾತಾಡಿದ್ದಕ್ಕೆ ನನ್ನ ಓರಗಿತ್ತಿಯನ್ನು ತವರಿಗೆ ಅಟ್ಟಿ, ಆರು ತಿಂಗಳು ಕರೆಸಿಕೊಂಡಿರಲಿಲ್ಲ. ನಡುಮನೆಯಲ್ಲಿ ಅವರದೊಂದು ರೇಡಿಯೋ ಇತ್ತು. ಅದನ್ನು ಅವರನ್ನು ಬಿಟ್ಟು ಇನ್ನೊಬ್ಬರು ಮುಟ್ಟುವ ಹಾಗಿರಲಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬ ವಿಧವೆ ಇದ್ದರು. ನಾನು ದೊಡ್ಡಮ್ಮ ಅನ್ನುತ್ತಿದ್ದೆ. ಹಿತ್ತಿಲು ನಮ್ಮದೇ ಆದರೂ ನಮಗೂ ಅವರಿಗೂ ಬಾವಿ ಒಂದೇ, ಒಗೆಯುವ ಕಲ್ಲೂ ಒಂದೇ. ಅವರ ಒಬ್ಬನೇ ಮಗ ಮಿಲಿಟರಿಯಲ್ಲಿದ್ದ. ಆ ವರ್ಷ ಗಡಿಯಲ್ಲಿ ಯುದ್ಧ ಶುರುವಾಗಿತ್ತು. ದೊಡ್ಡಮ್ಮನಿಗೆ ಓದು ಬಾರದು. ದಿನಾ ಸಂಜೆ ನಮ್ಮ ಜಗಲಿಯ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ರೇಡಿಯೋ ವಾರ್ತೆ ಕೇಳುತ್ತಿದ್ದರು. ಅರ್ಥವಾಗುತ್ತಿದ್ದದ್ದು ಅರ್ಧ. ಆದರೂ ಅದನ್ನು ಕೇಳಿದ ಮೇಲೇ ಅವರಿಗೆ ಒಂದು ತುತ್ತು ಇಳಿಯುತ್ತಿದ್ದದ್ದು.

ಹಿತ್ತಿಲಲ್ಲಿ ಎರಡು ಬಿದಿರು ಗಳುಗಳ ನಡುವೆ ತಾಮ್ರದ ಬಣ್ಣದ ತಂತಿಯೊಂದು ಜೋತುಬಿದ್ದಿತ್ತು. ರೇಡಿಯೋವನ್ನೇ ಕಾಣದ ಹಳ್ಳಿಯವಳಿಗೆ ಅದು ರೇಡಿಯೋಗೆ ದನಿ ಹಿಡಿದುಕೊಡುವ ಏರಿಯಲ್ ಎಂದು ಏನು ಗೊತ್ತು? ಬಟ್ಟೆ ಹರವುವ ಹಗ್ಗ ತುಂಬಿತ್ತು. ಒಗೆದ ಹತ್ತಿ ಸೀರೆಯನ್ನು ಹಾಗೇ ಒದ್ದೆಯಾಗಿ ಆ ತಂತಿಯ ಮೇಲೆ ಎಸೆದೆ. ಟಣ್ ಎಂದಿತು. ತಂತಿಯ ಒಂದು ತುದಿ ಕಿತ್ತು ನನ್ನ ಕಾಲ ಬಳಿ ಬಿತ್ತು. ಅದು ಗೋಡೆ ತೂರಿ ಎಲ್ಲಿಗೆ ಹೋಗುತ್ತದೆಂದು ಆಗ ನೋಡಿದೆ. ಮಾವನ ರೇಡಿಯೋಗೆ! ಗೋಣಿದಾರದಲ್ಲಿ ತುಂಡುಗಳನ್ನು ಗಂಟು ಹಾಕಿ, ಬಾವಿಕಟ್ಟೆ ಹತ್ತಿ, ಮೊದಲಿನಂತೆಯೇ ಎಳೆದು ಕಟ್ಟಿದೆ. ತಂತಿಗೆ ತಂತಿ ತಾಗಬೇಕೆಂದು ನನಗೆ ಗೊತ್ತಿರಲಿಲ್ಲ. ಕೆಳಗಿಂದ ನೋಡಿದರೆ ತಂತಿ ಸರಿಯಾಗಿಯೇ ಇತ್ತು!

ಸಂಜೆ ರೇಡಿಯೋ ಬರೀ ಗೊರ್ ಅಂದಿತು. ಮಾವ, ನಮ್ಮ ಯಜಮಾನರು ಇಬ್ಬರೂ ಸೇರಿ ಏನೇನು ಮಾಡಲಿಲ್ಲ! ಅದರ ತಲೆಗೆ ಬಡಿದರು, ಒಳಗಿನ ಧೂಳು ಊದಿದರು, ಅರ್ತ್ ತಂತಿ ಹೂತ ಗುಂಡಿಗೆ ಕೊಡ ಕೊಡ ನೀರು ಸುರಿದರು. ಹಿತ್ತಿಲಿಗೆ ಬಂದು ಏರಿಯಲ್ ಕಡೆ ಕತ್ತೆತ್ತಿದಾಗ ನಾನು ಬಾವಿಯ ಹಗ್ಗ ಹಿಡಿದು ಬೆನ್ನು ತಿರುಗಿಸಿದೆ. "ತಂತಿ ಸರ್‍ಯಾಗೇ ಅದೆ" ಎಂದು ಮಾವ ಒಳಗೆ ಹೋದರು. ಮಾರನೆಯ ದಿನ ರೇಡಿಯೋವನ್ನು ಬಸ್ಸಿನಲ್ಲಿ ಹಾಸನಕ್ಕೆ ಹೊತ್ತೊಯ್ದರು. ಇದಕ್ಕೇನೂ ಆಗಿಲ್ಲ ಎಂದು ರಿಪೇರಿಯವರು ವಾಪಸ್ ಕಳಿಸಿದರು. ಮನೆಗೆ ಬಂದ ಮೇಲೆ ಮತ್ತೆ ಅದೇ ಗೊರ್.

ಮೂರನೆಯ ದಿನ ದೊಡ್ಡಮ್ಮ ಒಗೆಯುವ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದರು. "ರೇಡಿಯೋನೇ ಬಾಯ್ ಮುಚ್ಕಂತಲ್ಲ ಮಗಾ... ನನ್ ಮಗನ್ಗೆ ಏನೋ ಆಗದೆ" ಅಂದರು. ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದ ಬಿಗಿಗೆ ಬಳೆಯೊಂದು ಒಡೆಯಿತು. "ಮೂರ್ ದಿನದಿಂದ ನನ್ ಹೊಟ್ಟೇಲಿ ಬೆಂಕಿ ಬಿದ್ದದೆ, ನೀನ್ ನೋಡ್ಕಂಡ್ ಸುಮ್ಕಿದ್ಯಾ?"

"ಮಾವ ನನ್ನ ತವರಿಗೆ ಅಟ್ಬುಡ್ತಾರೆ ದೊಡ್ಡಮ್ಮಾ..." ಎಂದು ಅತ್ತುಬಿಟ್ಟೆ. ದೊಡ್ಡಮ್ಮ ನನ್ನ ಕೈ ಬಿಟ್ಟರು. "ಒಳೀಕ್ ಓಗು. ಬಾಯ್ ಬುಡ್ಬ್ಯಾಡ."

ಮಾವ ಕಚೇರಿಯಿಂದ ಬರುತ್ತಿದ್ದಂತೆ ಜಗಲಿಯ ಮುಂದೆ ದೊಡ್ಡಮ್ಮನ ದನಿ ಕೇಳಿತು. "ಅಣ್ಣಾ, ಆ ತಂತಿ ಕಿತ್ತಾಕಿದ್ದು ನಾನೇ ಕಣಣ್ಣಾ. ಸೀರೆ ಒಣಾಕ್ದೆ, ಕಿತ್ಕಂತು. ಎದರ್ಕಂಡು ದಾರ ಕಟ್ಬುಟ್ಟೆ."

ಮಾವನ ಅಬ್ಬರ ಬೀದಿಗೆಲ್ಲ ಕೇಳಿತು. "ಇನ್ಮ್ಯಾಕೆ ನಮ್ ಹಿತ್ಲಿಗೂ ಬರ್ಬ್ಯಾಡ, ಜಗ್ಲಿಗೂ ಬರ್ಬ್ಯಾಡ!"

ನಾನು ಬಾಗಿಲ ಹಿಂದೆ ನಿಂತಿದ್ದೆ. ಜಗಲಿ ಇಲ್ಲವೆಂದರೆ ಅವರಿಗೆ ವಾರ್ತೆಯೂ ಇಲ್ಲ. ನಾನೇ ಮಾಡಿದ್ದು ಅನ್ನಲು ಒಂದು ಹೆಜ್ಜೆ ಮುಂದಿಟ್ಟೆ. ಮಾವನ ಚಪ್ಪಲಿ ಸದ್ದಿಗೆ ಹಿಂದೆ ಸರಿದೆ. ಹೇಡಿ ನಾನು, ಮಹಾ ಹೇಡಿ!

ಅಂದೇ ತಂತಿ ಸರಿಯಾಯಿತು, ರೇಡಿಯೋ ಮಾತಾಡಿತು. ಅಂದಿನಿಂದ ವಾರ್ತೆಯ ಹೊತ್ತಿಗೆ ಸೆಕೆ ಅನ್ನುತ್ತಾ ಓಣಿಯ ಕಡೆಯ ಕಿಟಕಿ ತೆಗೆಯುವುದೊಂದೇ ನನ್ನಿಂದಾದದ್ದು. ಕಿಟಕಿಯ ಆಚೆ ಗೋಡೆಗೊರಗಿ ದೊಡ್ಡಮ್ಮ ಕಳ್ಳರ ಹಾಗೆ ನಿಂತು ಕೇಳುತ್ತಿದ್ದರು. ಮುಗಿದ ಮೇಲೆ ಒಮ್ಮೆ ನನ್ನನ್ನು ನೋಡಿ ಹೋಗುತ್ತಿದ್ದರು. ಒಂದು ದಿನವೂ ಆ ವಿಷಯ ಎತ್ತಲಿಲ್ಲ.

ದೊಡ್ಡಮ್ಮನ ಮಗ ಬದುಕಿ ಬಂದ. ತಾಯಿಯನ್ನು ತನ್ನ ಜೊತೆ ಕರೆದುಕೊಂಡು ಹೋದ. ಹೊರಡುವ ದಿನವೂ ಅವರು ಜಗಲಿ ಹತ್ತಲಿಲ್ಲ. ಕಿಟಕಿಯ ಸರಳುಗಳ ನಡುವೆ ಕೈ ಹಾಕಿ ನನ್ನ ಗಲ್ಲ ಮುಟ್ಟಿದರು. ಮಾವನಿಗೆ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಳ್ಳುತ್ತಲೇ ಇದ್ದೆ... ಮಾವ ತೀರಿಕೊಂಡರು. ಆಮೇಲೆ ಯಾವಾಗಲೋ ಚನ್ನರಾಯಪಟ್ಟಣದ ಮದುವೆಯೊಂದರಲ್ಲಿ, ದೊಡ್ಡಮ್ಮನೂ ಹೋದರಂತೆ ಎಂದು ಯಾರೋ ಪಾಯಸ ಬಡಿಸುತ್ತಾ ಹೇಳಿದರು.

"ಯಾರು ಇದನ್ನ ನೀರಿಗಾಕಿದ್ದು?" ನನ್ನ ಕೈಯಲ್ಲಿನ ಒದ್ದೆ ರಿಮೋಟು ನೋಡಿ ಯಜಮಾನರು ಗುಡುಗಿದರು. ಥೇಟ್ ಅವರಪ್ಪನ ಗಂಟಲು. ಅಡುಗೆಮನೆ ಬಾಗಿಲಲ್ಲಿದ್ದ ಹುಡುಗಿ ಬಾಯಿ ತೆರೆಯಹೊರಟಳು.

"ನಾನೇ ಕಣ್ರೀ" ಅಂದೆ. "ಹೊದಿಕೆ ಜೊತೆ ನಾನೇ ಮಿಷನ್ನಿಗೆ ಹಾಕ್ಬುಟ್ಟೆ."

ಅವರು ಏನೇನೋ ಬೈದರು, ನನಗೆ ಕೇಳಿಸಲಿಲ್ಲ. ಬೀದಿ ಕಡೆಯ ಕಿಟಕಿಯತ್ತ ನೋಡುತ್ತಿದ್ದೆ. ಅದು ತೆರೆದೇ ಇತ್ತು. ಆಚೆ ಯಾರೂ ನಿಂತಿರಲಿಲ್ಲ.