ಅಕ್ಕನ ನಿದ್ದೆ, ಭಾವನ ಅಂಗಿ

ಕಳೆದ ಭಾನುವಾರ ಕರೆಂಟ್ ಹೋಗದಿದ್ದರೆ ನಮ್ಮಕ್ಕನ ಬಲಗೈ ಹೋಗುತ್ತಿತ್ತು.

ಕರೆಂಟ್ ಹೋದಾಗೆಲ್ಲ ಬೈಯುವವರಲ್ಲಿ ನಾನೂ ಒಬ್ಬಳು. ಈ ವಾರ ಬಾಯಿ ಬರುತ್ತಿಲ್ಲ.

ಅಕ್ಕ ರತ್ನ ಇರುವುದು ಸೂಲಿಬೆಲೆ ಹತ್ತಿರದ ಹಳ್ಳಿಯಲ್ಲಿ. ಮನೆಯಲ್ಲಿ ಸೀಮೆಹಸುಗಳಿವೆ. ಡೇರಿಗೆ ಹಾಲು ಹಾಕಿ ಬಂದ ಮೇಲೆ ಮೇವು ಕತ್ತರಿಸುವುದು ಅವಳ ಕೆಲಸ. ಹೊಸಕೋಟೆಯಿಂದ ಹೋಗಿದ್ದ ನಾನು ಕಾಫಿ ಲೋಟ ಹಿಡಿದು ಕೊಟ್ಟಿಗೆ ಬಾಗಿಲಲ್ಲಿ ನಿಂತಿದ್ದೆ. ಅವಳು ಮೆಷಿನ್‌ಗೆ ಜೋಳದ ಕಡ್ಡಿ ಕೊಡುತ್ತಿದ್ದಳು. ಕೊಡುತ್ತ ಕೊಡುತ್ತ ತಲೆ ಸ್ವಲ್ಪ ಬಾಗಿತು. ಏನೋ ನೋಡುತ್ತಿದ್ದಾಳೆ ಅಂದುಕೊಂಡೆ. (ನಿಂತಲ್ಲೇ ನಿದ್ದೆ ಹೋಗಿದ್ದಳು.) ಕಡ್ಡಿಯ ಜೊತೆ ಅಂಗಿಯ ತೋಳೂ ಒಳಗೆ ಹೋಗತೊಡಗಿತು.

ನಾನು ಕೂಗಿದೆನಾ? ನೆನಪಿಲ್ಲ. ಸ್ವಿಚ್ ನನ್ನ ಪಕ್ಕದ ಗೋಡೆಯಲ್ಲೇ ಇತ್ತು. ಕೈ ಏಳಲಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಯಿತು. ಮೆಷಿನ್ ಗೊರಗೊರ ಅನ್ನುತ್ತ ನಿಂತಿತು.

ಭಾವ ಓಡಿ ಬಂದು ಅಂಗಿಯ ತೋಳನ್ನು ಕುಯ್ದು ಅವಳನ್ನು ಬಿಡಿಸಿದರು.

"ನನ್ನ ಅಂಗಿ ಯಾಕ್ ಹಾಕ್ಕೊಂಡೆ ನೀನು?"

"ಸೆಕೆ ಅಂದಾಗ ನೀವೇ ಕೊಟ್ಟಿದ್ದು ಕಣ್ರೀ. ಸಡಿಲ ಬಟ್ಟೆ ಹಾಕ್ಕೋ ಅಂತ ಡಾಕ್ಟರಮ್ಮನೂ ಹೇಳಿದ್ರು."

ಅಕ್ಕನಿಗೆ ಮುಟ್ಟು ನಿಲ್ಲುವ ಕಾಲ. ರಾತ್ರಿ ಇದ್ದಕ್ಕಿದ್ದಂತೆ ಮೈಗೆ ಬೆಂಕಿ ತಗುಲಿದ ಹಾಗೆ ಸೆಕೆ, ಬೆವರು. ಅದು ಇಳಿಯುವಷ್ಟರಲ್ಲಿ ಚಳಿ. ನಿದ್ದೆ ಎಲ್ಲಿಂದ ಬರಬೇಕು? ಅವಳಿಗೆ ಮಾತ್ರೆ ಅಂದರೆ ಭಯ. ಸರಿ, ಮೊದಲು ಮಾತ್ರೆ ಇಲ್ಲದೆ ನೋಡೋಣ ಅಂದರು ಡಾಕ್ಟರ್. ಸಂಜೆ ಮೇಲೆ ಕಾಫಿ ಬೇಡ, ಖಾರ ಕಡಿಮೆ, ತೆಳು ಹತ್ತಿ ಬಟ್ಟೆ, ಕಿಟಕಿ ತೆರೆದಿರಲಿ, ನಿಧಾನ ಉಸಿರಾಟ. ಎಲ್ಲ ಒಳ್ಳೆಯ ಮಾತೇ. ಆದರೆ ಮನೆಯೊಳಗೆ ಬಂದ ಮೇಲೆ ಅವುಗಳ ಕತೆಯೇ ಬೇರೆ.

ಕಿಟಕಿ ತೆರೆದರೆ ಭಾವನಿಗೆ ನೆಗಡಿ. ನಿದ್ದೆ ಬಾರದಿದ್ದರೆ ಹೊರಳಾಡಬೇಡಿ, ಎದ್ದು ಬೇರೆ ಕಡೆ ಕೂತ್ಕೊಳ್ಳಿ ಅಂದಿದ್ದರು. ಹಾಗೆ ಪಡಸಾಲೆಯಲ್ಲಿ ಕೂತವಳನ್ನು ಕಂಡು ಅತ್ತೆ ಕೇಳಿದರಂತೆ, "ಯಾಕಮ್ಮ, ಅವನೇನಾದ್ರೂ ಅಂದ್ನಾ?" ದಿನಾ ಒಂದೇ ಹೊತ್ತಿಗೆ ಏಳಿ ಅಂದದ್ದಕ್ಕೆ ಅಕ್ಕ ನಕ್ಕಿದ್ದಳು. "ಹಸು ಇರೋ ಮನೇಲಿ ಅದನ್ನೂ ಹೇಳ್ಕೊಡ್ಬೇಕಾ?"

ಹಗಲು ಹೆಚ್ಚು ಮಲಗಬೇಡಿ ಅಂದಿದ್ದರು. ಅದನ್ನು ಅಕ್ಷರಶಃ ಪಾಲಿಸಿದಳು. ಮಧ್ಯಾಹ್ನ ಕಣ್ಣು ಎಳೆದರೂ ಮುಖಕ್ಕೆ ನೀರು ಹಾಕಿಕೊಂಡು ಕೂತಳು.

ಹಾಗಾದರೆ ತಪ್ಪು ಯಾವುದರದು? ಅಂಗಿಯದೇ? ಸಲಹೆಯದೇ? ವಯಸ್ಸಿನದೇ? ಪಾತ್ರೆ ತೊಳೆಯುವಾಗಲೂ ಆ ತೋಳು ಒಳಗೆ ಹೋಗುವುದೇ ಕಣ್ಮುಂದೆ. ಪ್ರತಿ ಸಲವೂ ನಾನು ಸ್ವಿಚ್ ಆರಿಸುತ್ತೇನೆ. ಅವತ್ತು ಮಾತ್ರ ಆರಿಸಿರಲಿಲ್ಲ.

ಮತ್ತೆ ಡಾಕ್ಟರ್ ಹತ್ತಿರ ಹೋದೆವು. ಮೆಷಿನ್ ಮುಂದೆ ನಿಲ್ಲುತ್ತೀನಿ ಅಂತ ಅಕ್ಕ ಮೊದಲ ಸಲ ಹೇಳಿಯೇ ಇರಲಿಲ್ಲ. ಅವರೂ ಕೇಳಿರಲಿಲ್ಲ. "ನಿದ್ದೆ ಸರಿಹೋಗೋವರೆಗೂ ಅದರ ಹತ್ತಿರ ಹೋಗ್ಬೇಡಿ. ಇವೆಲ್ಲ ಮಾಡಿಯೂ ಆಗ್ಲಿಲ್ಲ ಅಂದ್ರೆ ಬನ್ನಿ, ಔಷಧಿ ಇದೆ, ಹೆದರ್ಬೇಡಿ" ಅಂದರು. ಭಾವ ತಲೆ ತಗ್ಗಿಸಿ, "ಮೇವು ನಾನ್ ನೋಡ್ಕೋತೀನಿ" ಅಂದರು. ನೋಡಿಕೊಳ್ಳುತ್ತಲೂ ಇದ್ದಾರೆ. ಅಷ್ಟರಮಟ್ಟಿಗೆ ಒಳ್ಳೆಯ ಮನುಷ್ಯ.

ನಿನ್ನೆ ಫೋನ್ ಮಾಡಿದೆ. "ಈಗ ಬೆಳಿಗ್ಗೆ ಒಂದಷ್ಟು ಹೊತ್ತು ಹೆಚ್ಚಿಗೆ ಮಲಗ್ತೀಯಾ?"

"ಮಲಗಿರ್ತೀನಿ ಕಣೇ. ನಿದ್ದೆ ಎಲ್ಲಿ? ಮೆಷಿನ್ ಸದ್ದು ಶುರು ಆಯ್ತು ಅಂದ್ರೆ ಕಿವಿ ಅಲ್ಲೇ. ಅವ್ರಿಗೆ ಅಭ್ಯಾಸ ಇಲ್ಲ. ಕೈ ಎಲ್ಲಿಟ್ಟಿದ್ದಾರೋ, ಏನೋ."

ಕಾಫಿ ಬಿಟ್ಟಿದ್ದಾಳೆ, ಖಾರ ಬಿಟ್ಟಿದ್ದಾಳೆ. ಇದನ್ನು ಬಿಡುವುದು ಹೇಗೆ ಅಂತ ಯಾವ ಡಾಕ್ಟರನ್ನು ಕೇಳಲಿ?